ಕಾಣದ ಗೆಳೆಯರ ಕೇಳಿಕೆ: ಅಂತರ್ಜಾಲದ ರಸಿಕ ಬಳಗ ಮತ್ತು ಕನ್ನಡ ವಿಮರ್ಶೆ

ಕನ್ನಡ ವಿಭಾಗಗಳಲ್ಲಿ ಕಾವ್ಯಮೀಮಾಂಸೆಯ ಪಾಠವು ಸಹೃದಯನ ಹೆಸರನ್ನು ಉಚ್ಚರಿಸದೆ ಮುಂದೆ ಸಾಗುವುದಿಲ್ಲ. ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದ ಸ್ನಾತಕೋತ್ತರ ವಿದ್ಯಾರ್ಥಿಯು, ಕಾವ್ಯಾಭ್ಯಾಸದಿಂದ ಮನಸ್ಸೆಂಬ ಕನ್ನಡಿ ತಿಳಿಯಾಗಿ ವರ್ಣಿತ ವಸ್ತುವಿನಲ್ಲಿ ತನ್ಮಯನಾಗಬಲ್ಲವನೇ ಸಹೃದಯ ಎಂಬ ಅಭಿನವಗುಪ್ತನ ವಿವರಣೆಯನ್ನು ಪರೀಕ್ಷೆಯಲ್ಲಿ ಒಮ್ಮೆಯಾದರೂ ಬರೆದಿರುತ್ತಾನೆ. ಆದರೆ ಈ ಸಹೃದಯನು ಯಾವ ಊರಿನವನು, ಯಾರೊಡನೆ ಮಾತನಾಡುತ್ತಾನೆ, ತಾನು ಮೆಚ್ಚಿದ್ದನ್ನು ಯಾವ ಪದಗಳಲ್ಲಿ ಹೇಳುತ್ತಾನೆ ಎಂಬ ಪ್ರಶ್ನೆಗಳನ್ನು ವಿಭಾಗಗಳು ಕೇಳಿಕೊಂಡದ್ದು ಅಪರೂಪ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕ್ರಮವಾಗಿ ಓದದವರಲ್ಲಿಯೂ ಕಾವ್ಯದ ಪರಿಣತಿಯುಂಟು ಎಂದು ಒಪ್ಪಿಕೊಂಡಿತ್ತು. ಆ ಮಾತನ್ನು ಕನ್ನಡ ನಾಡಿನ ಹಿರಿಮೆಯ ಪುರಾವೆಯಾಗಿ ಭಾಷಣಗಳಲ್ಲಿ ಬಳಸಲಾಗಿದೆಯೇ ಹೊರತು, ಒಂದು ಸಂಶೋಧನ ಸೂಚನೆಯಾಗಿ ಪರಿಗಣಿಸಿದ್ದು ಕಡಿಮೆ.

ಈ ಪ್ರಶ್ನೆಗಳನ್ನು ಇಂದು ಮತ್ತೆ ಎತ್ತಲು ಕಾರಣವಿದೆ. ಸಿನಿಮಾ, ಧಾರಾವಾಹಿ ಮತ್ತು ಸಂಗೀತ ನಾಟಕಗಳನ್ನು ಕುರಿತ ಜನಸಾಮಾನ್ಯರ ರಸವಿಚಾರವು ಬಹುಪಾಲು ಅಂತರ್ಜಾಲದ ಗೆಳೆಯರ ನಡುವೆ, ಮೊಬೈಲ್ ಫೋನಿನ ಮೂಲಕ ನಡೆಯುತ್ತಿದೆ. ಇದನ್ನು ಕಾಲಹರಣವೆಂದು ತಳ್ಳಿಹಾಕುವ ಅಭಿಪ್ರಾಯ ವಿದ್ವಾಂಸರಲ್ಲಿ ವ್ಯಾಪಕವಾಗಿದೆ. ಆದರೆ ಒಂದು ಪ್ರದೇಶವನ್ನು ಹತ್ತಿರದಿಂದ ನೋಡಿದರೂ ಸಾಕು, ಈ ಅಭಿಪ್ರಾಯ ನಿಲ್ಲುವುದಿಲ್ಲ.

1986ರಲ್ಲಿ ರಚಿತವಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ 2007ರಲ್ಲಿ ರಾಮನಗರ ಜಿಲ್ಲೆ ಬೇರ್ಪಟ್ಟ ಮೇಲೆ ಉಳಿದದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳು. ಈ ಸೀಮೆಯಲ್ಲಿಯೂ ಕೋಲಾರದ ಕಡೆಯೂ ಬಯಲಾಟದ ಒಂದು ಪ್ರಕಾರಕ್ಕೆ ‘ಕೇಳಿಕೆ’ ಎಂಬ ಹೆಸರುಂಟು. ‘ಕೇಳಿ’ ಎಂದರೆ ಕ್ರೀಡೆ ಎಂಬ ನೆಲೆಯಿಂದ ಈ ಪದವನ್ನು ಬಿಡಿಸಬಹುದು; ಆದರೆ ಕನ್ನಡ ಕಿವಿಗೆ ‘ಕೇಳು’ ಎಂಬ ಧಾತುವೇ ಮೊದಲು ತಾಗುತ್ತದೆ. ಆಟಕ್ಕೆ ಆಡುವವನ ಕಡೆಯಿಂದಲ್ಲದೆ ಕೇಳುವವನ ಕಡೆಯಿಂದ ಹೆಸರು ಬಂದಂತೆ ತೋರುವುದು ನಿರುಕ್ತಿಯಾಗಿ ನಿಲ್ಲದಿದ್ದರೂ ಯೋಚನೆಗೆ ಹಚ್ಚುವಂತಿದೆ. ಮೂಡಲಪಾಯವನ್ನು ಕುರಿತು ಜೀ.ಶಂ.ಪರಮಶಿವಯ್ಯನವರಂಥವರು ನಡೆಸಿದ ಕ್ಷೇತ್ರಕಾರ್ಯವಿಲ್ಲದಿದ್ದರೆ ಈ ಪರಂಪರೆಯ ಎಷ್ಟೋ ಪ್ರಸಂಗಗಳು, ಮಟ್ಟುಗಳು, ವೇಷಗಳ ವಿವರಗಳು ಉಳಿಯುತ್ತಿರಲಿಲ್ಲ. ಆ ಋಣವನ್ನು ಒಪ್ಪಿಕೊಂಡೇ ಒಂದು ಮಾತು ಹೇಳಬೇಕು. ಜಾನಪದ ಸಂಗ್ರಹಕಾರ್ಯವು ಒಟ್ಟಾರೆಯಾಗಿ ಭಾಗವತನ ಬಾಯಿಂದ ಪದವನ್ನು ಬರೆದುಕೊಂಡಿತು. ಬೆಳಗಿನವರೆಗೆ ಕುಳಿತು ಕೇಳಿದ ರೈತ ಮರುದಿನ ಹೊಲದ ಬದುವಿನ ಮೇಲೆ ಏನೆಂದ ಎಂಬುದನ್ನು ಬರೆದುಕೊಳ್ಳಲಿಲ್ಲ.

ಕೇಳಿಕೆಯ ಜಾಗವನ್ನು ಈ ಸೀಮೆಯಲ್ಲಿ ಬಹುಮಟ್ಟಿಗೆ ಆವರಿಸಿಕೊಂಡದ್ದು ಕಂಪನಿ ನಾಟಕದಿಂದ ಇಳಿದುಬಂದ ಪೌರಾಣಿಕ ನಾಟಕ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ಬಿ.ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ ಕುದುರೆಗಳೊಡನೆ ರಂಗಕ್ಕೆ ತಂದದ್ದು ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಕಂಪನಿಗಳ ವೈಭವ ಇಳಿದ ಬಳಿಕವೂ ‘ಕುರುಕ್ಷೇತ್ರ’ ಎಂಬ ಹೆಸರಿನ ನಾಟಕ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ನಿಲ್ಲಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ಕಂದ, ವೃತ್ತ, ಸೀಸಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಸೀನರಿಯೂ ಉಡುಪೂ ಬಾಡಿಗೆಗೆ ಬರುತ್ತವೆ. ಸ್ತ್ರೀಪಾತ್ರಗಳಿಗೆ ವೃತ್ತಿಕಲಾವಿದೆಯರನ್ನು ಹೊರಗಿನಿಂದ ಕರೆಸುತ್ತಾರೆ. ಪಾತ್ರಧಾರಿಯು ತನ್ನ ಪಾತ್ರಕ್ಕೆ ತಾನೇ ಹಣ ಕೊಡುತ್ತಾನೆ. ದುರ್ಯೋಧನ, ಕೃಷ್ಣರಂತಹ ಪಾತ್ರಗಳ ಬೆಲೆ ಉಳಿದವುಗಳಿಗಿಂತ ಹೆಚ್ಚು. ರಾತ್ರಿ ಆರಂಭವಾದ ಆಟ ಮುಗಿಯುವುದು ಬೆಳಕು ಹರಿದ ಮೇಲೆ.

ಹಾಡಿನ ಮೂಲಕವೇ ಕಥೆ ನಡೆಸುವ ಈ ರಂಗಪ್ರಕಾರವನ್ನು ಯುರೋಪಿನ ಒಪೆರಾದೊಂದಿಗೆ ಹೋಲಿಸಿದರೆ ಹುಬ್ಬೇರಿಸುವವರಿದ್ದಾರೆ. ಸಂಗೀತದ ವ್ಯಾಕರಣ ಬೇರೆ, ಆಶ್ರಯದ ಚರಿತ್ರೆ ಬೇರೆ ಎಂಬುದು ನಿಜ. ಆದರೆ ಕೇಳುಗನ ನಡವಳಿಕೆ ಅಷ್ಟು ಬೇರೆಯಲ್ಲ. ಕಥೆ ಎಲ್ಲರಿಗೂ ಮೊದಲೇ ಗೊತ್ತು. ಕಾಯುವುದು ಒಂದು ಗೊತ್ತಾದ ಹಾಡಿಗಾಗಿ, ಆ ಹಾಡಿನ ಒಂದು ಗೊತ್ತಾದ ಎತ್ತರಕ್ಕಾಗಿ. ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ 2006ರ ಡಿಸೆಂಬರಿನಲ್ಲಿ ಮೇಲಂತಸ್ತಿನ ಪ್ರೇಕ್ಷಕರ ಕೂಗಾಟಕ್ಕೆ ಸಿಟ್ಟಾಗಿ ರೊಬೆರ್ತೊ ಅಲಾನ್ಯಾ ಎಂಬ ಪ್ರಖ್ಯಾತ ಗಾಯಕ ‘ಐದಾ’ ಒಪೆರಾದ ನಡುವೆಯೇ ರಂಗದಿಂದ ಹೊರನಡೆದ. ‘ಒನ್ಸ್ ಮೋರ್’ ಕೂಗನ್ನೂ ಶಿಳ್ಳೆಯನ್ನೂ ಬಲ್ಲ ನೆಲಮಂಗಲದ ಪ್ರೇಕ್ಷಕನಿಗೆ ಈ ಘಟನೆ ವಿದೇಶದ್ದೆನಿಸಲಾರದು.

ಇಂತಹ ಪ್ರೇಕ್ಷಕ ಸಮುದಾಯ ಕಳೆದ ಎರಡು ದಶಕಗಳಲ್ಲಿ ಚದುರಿದೆ. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ಭೂಮಿಯ ಬೆಲೆ ಏರಿತು, ಬೇಸಾಯ ಕುಗ್ಗಿತು. ಹೊಸಕೋಟೆ, ದಾಬಸ್‌ಪೇಟೆ, ದೊಡ್ಡಬಳ್ಳಾಪುರಗಳ ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿಯ ಮೇಲೆ ದುಡಿಯುವವರಿಗೆ ಒಂದೇ ಸಂಜೆ ಅರಳಿಕಟ್ಟೆಯ ಮೇಲೆ ಕೂಡುವುದು ಸಾಧ್ಯವಿಲ್ಲ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಸದ್ದಿನಲ್ಲಿ ಪಕ್ಕದವನ ಮಾತು ಕೇಳಿಸದು. ಆದರೆ ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ದೂರದವನ ದನಿ ಕೇಳಿಸುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಅಂತರ್ಜಾಲ ಅಗ್ಗವಾದ ಬಳಿಕ, ಸಿ.ಡಿ.ಗಳಲ್ಲಿ ಮಾರಾಟವಾಗುತ್ತಿದ್ದ ನಾಟಕದ ಮುದ್ರಣಗಳು ಯೂಟ್ಯೂಬಿಗೆ ಏರಿದವು, ಅಲ್ಲಿಂದ ವಾಟ್ಸಾಪ್ ಬಳಗಗಳಿಗೆ ಇಳಿದವು. ಒಂದು ಊರಿನ ಪ್ರಯೋಗವನ್ನು ಮತ್ತೊಂದು ತಾಲ್ಲೂಕಿನವನು, ಎಂದೂ ಮುಖ ನೋಡದ ಗೆಳೆಯನಿಗೆ ಕಳುಹಿಸಿ ‘ಇದನ್ನು ಕೇಳಿ ಅಣ್ಣ’ ಎನ್ನುವ ರೂಢಿ ಹೀಗೆ ಬೆಳೆಯಿತು. 2020ರಲ್ಲಿ ಕೊರೊನಾದಿಂದ ಜಾತ್ರೆ, ನಾಟಕಗಳೆಲ್ಲ ನಿಂತಾಗ ರಂಗದ ಹಂಬಲಕ್ಕೆ ಉಳಿದದ್ದು ಇದೊಂದೇ ದಾರಿ.

ಈ ಬಳಗಗಳಲ್ಲಿ ಸಿನಿಮಾ, ಧಾರಾವಾಹಿ, ನಾಟಕಗಳು ಬೇರೆ ಬೇರೆ ಇಲಾಖೆಗಳಾಗಿ ಉಳಿಯುವುದಿಲ್ಲ ಎಂಬುದು ಗಮನಾರ್ಹ. ಮಹಾಭಾರತದ ಕಥೆಯನ್ನೇ ತೆಗೆದುಕೊಳ್ಳಬಹುದು. 2019ರ ಆಗಸ್ಟಿನಲ್ಲಿ ನಾಗಣ್ಣ ನಿರ್ದೇಶನದ ‘ಕುರುಕ್ಷೇತ್ರ’ ಚಲನಚಿತ್ರ ಬಿಡುಗಡೆಯಾಯಿತು. ದರ್ಶನ್ ದುರ್ಯೋಧನನಾಗಿದ್ದರು, ಅಂಬರೀಶ್ ಭೀಷ್ಮರಾಗಿದ್ದರು. ಮರುವರ್ಷದ ಲಾಕ್‌ಡೌನ್ ಕಾಲದಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣ ವಾಹಿನಿಯಲ್ಲಿ ಬಂದಿತು. ಇವೆರಡರ ಬೆನ್ನಿಗೆ ಊರಿನ ರಂಗದ ‘ಕುರುಕ್ಷೇತ್ರ’ ಮುದ್ರಣಗಳು ಹೇಗೂ ಇದ್ದವು. ಹೊಸಕೋಟೆ, ದೇವನಹಳ್ಳಿಗಳ ಮನೆಮಾತಿನಲ್ಲಿ ತೆಲುಗು ಬೆರೆತಿರುವುದರಿಂದ, 1977ರಲ್ಲಿ ಎನ್.ಟಿ.ರಾಮರಾಯರು ಕೃಷ್ಣ, ಕರ್ಣ, ದುರ್ಯೋಧನ ಮೂರೂ ತಾವೇ ಆಗಿದ್ದ ‘ದಾನವೀರ ಶೂರ ಕರ್ಣ’ವೂ ತಿರುಪತಿ ವೆಂಕಟ ಕವಿಗಳ ನಾಟಕಗಳ ಪದ್ಯಗಳೂ ಈ ಮಾತುಕತೆಗೆ ಸೇರಿಕೊಳ್ಳುತ್ತವೆ. ಅದೇ 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ‘ಬಭ್ರುವಾಹನ’ದ ರಾಜ್‌ಕುಮಾರ್ ಇಲ್ಲದೆ ಯಾವ ವಾದವೂ ಮುಗಿಯುವುದಿಲ್ಲ. ಹೀಗೆ ಒಂದೇ ಪಾತ್ರ ನಾಲ್ಕು ಮಾಧ್ಯಮಗಳಲ್ಲಿ, ಎರಡು ಭಾಷೆಗಳಲ್ಲಿ, ಹಲವು ಕಂಠಗಳಲ್ಲಿ ಒಂದರ ಪಕ್ಕ ಒಂದು ಬಂದು ನಿಲ್ಲುತ್ತದೆ. ತೌಲನಿಕ ಅಧ್ಯಯನವೆಂದು ವಿಭಾಗಗಳು ಕರೆಯುವುದು ಇದನ್ನೇ ಅಲ್ಲವೆ?

ಆ ಹೋಲಿಕೆಗೆ ಬಳಕೆಯಾಗುವ ಪದಗಳು ಇನ್ನೂ ಮುಖ್ಯ. ‘ಎತ್ತುಗಡೆ ಚೆನ್ನಾಗಿದೆ, ಇಳಿಸುವುದು ಗೊತ್ತಿಲ್ಲ’, ‘ಕಂಠ ಇದೆ, ಸಾಹಿತ್ಯ ನುಂಗುತ್ತಾನೆ’, ‘ಶ್ರುತಿ ಬಿಟ್ಟರೂ ಭಾವ ಬಿಡಲಿಲ್ಲ’ ಎಂಬಂತಹ ಮಾತುಗಳಲ್ಲಿ ಒಂದು ಖಚಿತವಾದ ವಿಮರ್ಶಾ ಪರಿಭಾಷೆಯಿದೆ. ಇವುಗಳಲ್ಲಿ ‘ಗತ್ತು’ ಎಂಬ ಪದ ಪ್ರತ್ಯೇಕ ಪರಿಶೀಲನೆಗೆ ಅರ್ಹ. ನಿಘಂಟಿನ ಅರ್ಥದಲ್ಲಿ ಇದು ಠೀವಿ, ಜಂಬ. ದುರ್ಯೋಧನನ ಪಾತ್ರದ ಚರ್ಚೆಯಲ್ಲಿ ಅದರ ಅರ್ಥ ಬೇರೆಯಾಗುತ್ತದೆ. ಕೂಗಾಡುವವನಿಗೆ ಗತ್ತಿಲ್ಲ. ಮೀಸೆ ತಿರುವಿದ ಮಾತ್ರಕ್ಕೆ ಅದು ಬರುವುದಿಲ್ಲ. ಕೃಷ್ಣನು ಸಂಧಾನಕ್ಕೆ ಬಂದಾಗ ಆಸನದಿಂದ ಏಳದೆ ಕುಳಿತವನ ಮೌನದಲ್ಲಿ ಗತ್ತು ಕಾಣಬೇಕು. ಕೊನೆಯಲ್ಲಿ ತೊಡೆ ಮುರಿದು ಬಿದ್ದಾಗಲೂ ಅದು ಉಳಿದಿರಬೇಕು. ಸೋಲನ್ನು ಬಲ್ಲವನು ಸೋಲನ್ನು ತೋರಗೊಡದ ಸ್ಥಿತಿ ಎಂದು ಇದನ್ನು ವಿವರಿಸಬಹುದು. ಚಲನಚಿತ್ರದ ದುರ್ಯೋಧನನಿಗೆ ಗತ್ತನ್ನು ಕ್ಯಾಮೆರಾ ಕೊಡುತ್ತದೆ, ರಂಗದವನು ತಾನೇ ಸಂಪಾದಿಸಬೇಕು ಎಂಬ ವಾದವನ್ನು ಮಾಡುವ ರಸಿಕನು ಮಾಧ್ಯಮಗಳ ಭೇದವನ್ನು ಸಿದ್ಧಾಂತದ ಗ್ರಂಥ ಓದದೆಯೇ ಮುಟ್ಟಿರುತ್ತಾನೆ.

ರನ್ನನ ಗದಾಯುದ್ಧದ ದುರ್ಯೋಧನನು ದುರಂತ ನಾಯಕನೇ ಎಂಬುದು ಬಿ.ಎಂ.ಶ್ರೀ.ಯವರು ಆ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ರೂಪಿಸಿದಂದಿನಿಂದ ಕನ್ನಡ ತರಗತಿಗಳ ಖಾಯಂ ಪ್ರಶ್ನೆ. ಅದಕ್ಕೆ ಗ್ರೀಕ್ ದುರಂತದ ಲಕ್ಷಣಗಳನ್ನು ಹಿಡಿದು ಉತ್ತರ ಬರೆಯಲಾಗುತ್ತದೆ. ಇತ್ತ ಊರುಗಳಲ್ಲಿ ಆ ಪಾತ್ರಕ್ಕೆ ಅತಿ ಹೆಚ್ಚು ಹಣ ಕೊಡಲು ಪೈಪೋಟಿ ನಡೆಸುವವರು ಆ ಪ್ರಶ್ನೆಗೆ ಇನ್ನೊಂದು ಬಗೆಯಲ್ಲಿ ಉತ್ತರಿಸುತ್ತ ಬಂದಿದ್ದಾರೆ. ಗತ್ತು ಎಂಬ ಪದವು ಈ ಎರಡು ಉತ್ತರಗಳ ನಡುವೆ ಸೇತುವೆಯಾಗಬಲ್ಲದು. ಅದು ಯಾವ ಪಾರಿಭಾಷಿಕ ಪದಕೋಶದಲ್ಲಿಯೂ ವಿಮರ್ಶೆಯ ಪದವಾಗಿ ಸ್ಥಾನ ಪಡೆಯಬೇಕಾದದ್ದೇ.

ಇಷ್ಟು ಹೇಳಿದ ಮೇಲೆ ಈ ಹಂಚಿಕೆಯನ್ನು ಸಾರಾಸಗಟಾಗಿ ಹೊಗಳುವುದು ತಪ್ಪಾಗುತ್ತದೆ. ಹಂಚಿಕೊಳ್ಳುವುದು ಬೇರೆ, ರವಾನಿಸುವುದು ಬೇರೆ. ‘ಫಾರ್ವರ್ಡ್’ ಮಾಡಿದ ತುಣುಕಿನ ಹಿಂದೆ ಕಳುಹಿಸಿದವನ ಅಭಿರುಚಿ ಇರಬೇಕೆಂದಿಲ್ಲ. ಅವನು ಅದನ್ನು ಕೇಳಿರಬೇಕೆಂದೂ ಇಲ್ಲ. ತಾರೆಯರ ಅಭಿಮಾನಿಗಳ ನಡುವಿನ ಮಾತು ಬೈಗುಳಕ್ಕೆ ಇಳಿಯುವುದನ್ನು ಎಲ್ಲರೂ ಬಲ್ಲರು. ಪಿಯರ್ ಬೋರ್ದ್ಯೂ 1979ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಅಭಿರುಚಿಯು ವರ್ಗಭೇದದ ಗುರುತಾಗಿ ಹೇಗೆ ಕೆಲಸ ಮಾಡುತ್ತದೆಂದು ತೋರಿಸಿದ. ನಗರದ ಬಹುಪರದೆಯ ಮಂದಿರದಲ್ಲಿ ಮಲಯಾಳಂ ಚಿತ್ರ ನೋಡಿದವನು ಹಳ್ಳಿಯ ನಾಟಕವನ್ನು ಮೆಚ್ಚುವವನನ್ನು ಗೇಲಿ ಮಾಡುವಾಗ, ಅಥವಾ ಶಾಸ್ತ್ರೀಯ ಸಂಗೀತ ಬಲ್ಲವನು ರಾಗಶುದ್ಧಿಯ ಹೆಸರಿನಲ್ಲಿ ರಂಗಗೀತೆಯನ್ನು ಕೀಳುಗಳೆಯುವಾಗ ಆ ಭೇದ ಇಲ್ಲಿಯೂ ಎದ್ದು ನಿಲ್ಲುತ್ತದೆ. ಜಾತಿಯ ನೆರಳು ಅದರಿಂದ ದೂರವೇನಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದ ಆತಂಕ ಇನ್ನೊಂದಿದೆ. ಇಡೀ ರಾತ್ರಿಯ ನಾಟಕವು ಎರಡು ನಿಮಿಷದ ತುಣುಕಾಗಿ ಸಂಚರಿಸುವಾಗ ಆ ಪದ್ಯಕ್ಕೆ ಮುನ್ನ ನಡೆದ ಸಂಭಾಷಣೆ, ಪದ್ಯಕ್ಕೆ ಕಾದ ಕಾತರ ಎರಡೂ ಕಳಚಿಹೋಗುತ್ತವೆ. ಉಳಿಯುವುದು ಎತ್ತರದ ಸ್ವರ ಮಾತ್ರ. ಹೆಚ್ಚು ಹಂಚಿಕೆಯಾದ ಮುದ್ರಣದಲ್ಲಿ ಒಬ್ಬ ಗಾಯಕ ಒಂದು ಕಂದವನ್ನು ಮೋಹನದಲ್ಲಿ ಹಾಡಿದ್ದರೆ, ಹೊಸದಾಗಿ ಪಾತ್ರ ಹಿಡಿದವನಿಗೂ ಅದೇ ಮೋಹನವೇ ಬೇಕು. ಮೇಷ್ಟ್ರು ತನ್ನ ಗುರುವಿನಿಂದ ತಂದ ಬೇರೊಂದು ಮಟ್ಟನ್ನು ಹೇಳಿಕೊಟ್ಟರೆ ‘ಯೂಟ್ಯೂಬಿನಲ್ಲಿ ಹೀಗಿಲ್ಲ’ ಎಂಬ ಉತ್ತರ ಬರುವ ಕಾಲವಿದು. ಮೌಖಿಕ ಪರಂಪರೆಯಲ್ಲಿ ಪಾಠಾಂತರಗಳೇ ಸಂಪತ್ತು ಎಂದು ಕಲಿಸುವ ವಿಭಾಗಗಳಿಗೆ ಇದು ಚಿಂತೆಯ ವಿಷಯವಾಗಬೇಕು. ರುಚಿ ಹಂಚಿದಷ್ಟೂ ಹೆಚ್ಚುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಹಂಚಿದಷ್ಟೂ ಅದು ಒಂದೇ ಬಗೆಯದಾಗುವುದೂ ಉಂಟು.

ಹೆಣ್ಣುಮಕ್ಕಳ ಪ್ರಶ್ನೆಯನ್ನು ಇಲ್ಲಿ ಬಿಡಲಾಗದು. ಪೌರಾಣಿಕ ನಾಟಕದ ಬಳಗಗಳು ಬಹುತೇಕ ಗಂಡಸರ ಬಳಗಗಳು. ಆ ನಾಟಕಗಳ ದ್ರೌಪದಿಯೂ ಕುಂತಿಯೂ ರಂಗದ ಮೇಲೆ ಬರುವ ವೃತ್ತಿಕಲಾವಿದೆಯರಾದರೂ, ಅವರ ಅಭಿನಯವನ್ನು ತೂಗುವ ಮಾತು ಗಂಡಸರದೇ. ಹೆಣ್ಣುಮಕ್ಕಳ ರಸವಿಚಾರವನ್ನು ಧಾರಾವಾಹಿಯ ಕಡೆಗೆ ನೋಡಬೇಕು. 1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬಂದಾಗ, ಆ ಬಳಿಕ ಟಿ.ಎನ್.ಸೀತಾರಾಮ್ ಅವರ ಇತರ ಧಾರಾವಾಹಿಗಳು ಬಂದಾಗ, ನ್ಯಾಯಾಲಯದ ದೃಶ್ಯಗಳನ್ನು ಕುರಿತ ಚರ್ಚೆ ನಲ್ಲಿಯ ಬಳಿ, ಬಸ್ಸಿನಲ್ಲಿ ನಡೆಯುತ್ತಿತ್ತು. ಅದು ಈಗ ಫೋನಿಗೆ ಬಂದಿದೆ. ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಣ್ಣುಮಗಳು ರಾತ್ರಿ ತಪ್ಪಿದ ಕಂತನ್ನು ಬೆಳಗಿನ ಬಸ್ಸಿನಲ್ಲಿ ನೋಡಿ, ಅತ್ತೆಯ ಪಾತ್ರ ಸುಳ್ಳೆಂದೋ ನಿಜವೆಂದೋ ಬೇರೆ ಊರಿನ ಗೆಳತಿಗೆ ದನಿಸಂದೇಶ ಕಳುಹಿಸುವಾಗ, ಬದುಕು ಮತ್ತು ಕಥನಗಳ ಸಂಬಂಧ ಕುರಿತ ವಾಸ್ತವವಾದದ ಹಳೆಯ ಪ್ರಶ್ನೆಯನ್ನೇ ಕೇಳುತ್ತಿರುತ್ತಾಳೆ. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಪಾತ್ರದ ನೆಪದಲ್ಲಿ ಹೇಳುವುದಕ್ಕೂ ಅಲ್ಲಿ ಎಡೆಯಿದೆ. ಈ ಮಾತುಗಳು ಗಂಡಸರ ಬಳಗದ ಪದ್ಯಚರ್ಚೆಗಿಂತ ವಿಮರ್ಶೆಯಾಗಿ ಹೆಚ್ಚು ಧೈರ್ಯದವು.

ಅಭಿರುಚಿಯ ಶಿಕ್ಷಣಕ್ಕೆ ಕರ್ನಾಟಕದಲ್ಲಿ ಇನ್ನೊಂದು ಮಾದರಿ ಇತ್ತೆಂಬುದನ್ನು ನೆನೆಯಬೇಕು. ಕೆ.ವಿ.ಸುಬ್ಬಣ್ಣನವರ ನೇತೃತ್ವದಲ್ಲಿ ಹೆಗ್ಗೋಡಿನಲ್ಲಿ 1973ರಲ್ಲಿ ಆರಂಭವಾದ ನೀನಾಸಂ ಚಿತ್ರಸಮಾಜವು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯವರ ಮುಂದಿಟ್ಟಿತು. ಅಲ್ಲಿ ಆಯ್ದುಕೊಡುವವರಿದ್ದರು, ನೋಡಿದ ಮೇಲೆ ಮಾತನಾಡಿಸುವವರಿದ್ದರು. ಅದರ ಫಲ ಕನ್ನಡಕ್ಕೆ ಗೊತ್ತಿದೆ. ಫೋನಿನ ಗೆಳೆತನದಲ್ಲಿ ಆಯ್ದುಕೊಡುವ ಗುರುವಿಲ್ಲ. ಆಯ್ದುಕೊಡುವ ಕೆಲಸವನ್ನು ಕಂಪನಿಗಳ ಗಣಕ ಸೂತ್ರಗಳು ಹಾಗೂ ಗೆಳೆಯರು ಹಂಚಿಕೊಂಡಿದ್ದಾರೆ. ಸೂತ್ರವು ನಿನ್ನೆ ನೋಡಿದ್ದನ್ನೇ ಹೋಲುವುದನ್ನು ಇಂದು ಕೊಡುತ್ತದೆ. ಗೆಳೆಯ ಹಾಗಲ್ಲ, ತನಗೆ ಹಿಡಿಸಿದ್ದನ್ನು, ಒಮ್ಮೊಮ್ಮೆ ಎದುರಿನವನಿಗೆ ಹಿಡಿಸಲಾರದೆಂದು ಗೊತ್ತಿದ್ದೂ, ಕಳುಹಿಸುತ್ತಾನೆ. ಆ ಹಠದಲ್ಲಿ ಕಲಿಕೆಗೆ ಅವಕಾಶವಿದೆ.

ಹಾಗಾದರೆ ಕನ್ನಡ ವಿಭಾಗಗಳ ಹೊಣೆ ಯಾವುದು? ಬಳಗಗಳೊಳಗೆ ನುಸುಳಿ ಸಂದೇಶಗಳ ಚಿತ್ರ ತೆಗೆದು ಪ್ರಬಂಧಕ್ಕೆ ಅನುಬಂಧವಾಗಿ ಅಂಟಿಸುವುದು ಸಂಶೋಧನೆಯಲ್ಲ. ಗೆಳೆಯರ ನಡುವಿನ ಖಾಸಗಿ ಮಾತು ಸಂಶೋಧಕನ ಸ್ವತ್ತಲ್ಲ. ಹಿಂದೆ ಕಲಾವಿದರ ಪದಗಳನ್ನು ಬರೆದುಕೊಂಡು, ಹಾಡಿದವರ ಹೆಸರನ್ನು ಅಡಿಟಿಪ್ಪಣಿಗೂ ಹಾಕದೆ ಪುಸ್ತಕ ಮಾಡಿದ ಉದಾಹರಣೆಗಳು ಜಾನಪದ ಕ್ಷೇತ್ರದಲ್ಲಿ ಇಲ್ಲದಿಲ್ಲ. ಆ ತಪ್ಪನ್ನು ಹೊಸ ಉಪಕರಣದಿಂದ ಮತ್ತೆ ಮಾಡಬೇಕಾಗಿಲ್ಲ. ಒಪ್ಪಿಗೆ ಪಡೆದು, ರಸಿಕನ ಎದುರು ಕುಳಿತು, ಅವನು ಉಳಿಸಿಕೊಂಡ ಮುದ್ರಣಗಳನ್ನು ಅವನೊಡನೆ ಕೇಳುತ್ತ, ಏಕೆ ಉಳಿಸಿಕೊಂಡೆ, ಯಾರಿಗೆ ಕಳುಹಿಸಿದೆ, ಅವರು ಏನೆಂದರು ಎಂದು ವಿಚಾರಿಸುವುದು ಹಳೆಯ ಕ್ಷೇತ್ರಕಾರ್ಯದ ಮುಂದುವರಿಕೆಯೇ. ಕೇಳುವವರನ್ನು ಹೆಣ್ಣುಮಕ್ಕಳ ಬಳಗಕ್ಕೆ ಹೆಣ್ಣುಮಕ್ಕಳೇ ಕೇಳಿದರೆ ಒಳ್ಳೆಯದು. ನಾಲ್ಕು ತಾಲ್ಲೂಕುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಾಗಿ ಬರುವವರಲ್ಲಿ ಅನೇಕರ ಮನೆಯಲ್ಲಿಯೇ ಇಂತಹ ಒಬ್ಬ ರಸಿಕ ಇರುತ್ತಾನೆ, ಕಿರುಪ್ರಬಂಧಕ್ಕೆ ವಿಷಯ ಹುಡುಕುತ್ತ ಗ್ರಂಥಾಲಯಕ್ಕೆ ಹೋಗುವ ಮೊದಲು ಅವನನ್ನು ಮಾತನಾಡಿಸಬಹುದು.

ಕಾಲದ ಒತ್ತಡವೂ ಇದೆ. ಆರ್ಕುಟ್ ತಾಣವು 2014ರ ಸೆಪ್ಟೆಂಬರಿನಲ್ಲಿ ಮುಚ್ಚಿದಾಗ ಅಲ್ಲಿನ ಕನ್ನಡ ಬಳಗಗಳಲ್ಲಿ ನಡೆದಿದ್ದ ಸಿನಿಮಾ ಚರ್ಚೆಗಳನ್ನು ಉಳಿಸಿಕೊಳ್ಳಬೇಕೆಂದು ಯಾವ ಕನ್ನಡ ವಿಭಾಗವೂ ಮುಂದೆ ಬಂದಂತೆ ಕಾಣುವುದಿಲ್ಲ. ಇಂದಿನ ಮುದ್ರಣಗಳ ಸ್ಥಿತಿ ಅದಕ್ಕಿಂತ ನಾಜೂಕು. ಫೋನು ತುಂಬಿದಾಗ ಮೊದಲು ಅಳಿಸುವುದು ಉದ್ದನೆಯ ದನಿಸಂದೇಶವನ್ನು. ತುಣುಕುಗಳು ಕೈಯಿಂದ ಕೈಗೆ ಹೋಗುತ್ತ ಊರಿನ ಹೆಸರು, ದಿನಾಂಕ, ಮೇಷ್ಟ್ರ ಹೆಸರು, ಪದ್ಯ ಹಾಡಿದವನ ಹೆಸರು ಒಂದೊಂದಾಗಿ ಉದುರುತ್ತವೆ. ಕೊನೆಗೆ ಕೈಗೆ ಸಿಗುವುದು ‘ಸೂಪರ್ ದುರ್ಯೋಧನ’ ಎಂಬ ತಲೆಬರಹದ ಒಂದು ದೃಶ್ಯ. ಅದರಲ್ಲಿ ಹಾಡುತ್ತಿರುವಾತ ದೊಡ್ಡಬಳ್ಳಾಪುರದವನೋ ಮಾಗಡಿಯವನೋ, ಆ ಕಂದಕ್ಕೆ ಆ ಮಟ್ಟು ಯಾವ ಮೇಷ್ಟ್ರಿಂದ ಬಂದದ್ದೋ ಹೇಳಬಲ್ಲ ಒಬ್ಬಿಬ್ಬರು ಅದೇ ಬಳಗದಲ್ಲಿ ಈಗ ಇದ್ದಾರೆ. ಅವರಿಗೆ ಅರುವತ್ತು ದಾಟಿದೆ.